ಕೌದಿಯ ಹೊಟ್ಟೆಯಲ್ಲಿ ಮಹಾನಂದಾ

ಬಿಜ್ಜರಗಿಯ ಮಹಾನಂದಾ ಕೌದಿಯ ಮೇಲೆ ಗೆರೆ ಎಳೆದಳೆಂದರೆ ಇರುವೆಗಳು ತಮ್ಮ ಸಾಲು ಬಿಟ್ಟು ಬಂದು ಆ ಗೆರೆಯ ಮೇಲೆ ನಡೆಯುತ್ತಿದ್ದವು. ದ್ರಾಕ್ಷಿ ಪಡಕ್ಕೆ ಕಂಬ ನೆಡುವವರು ಹಗ್ಗ ಹಿಡಿಯುವ ಬದಲು ಆಕೆಯ ಹಳೆಯ ಕೌದಿಯೊಂದನ್ನು ಹೊಲದಲ್ಲಿ ಹಾಸಿ, ಅದಕ್ಕೆ ಕಣ್ಣು ಹೊಂದಿಸಿ ಗುಂಡಿ ತೋಡುತ್ತಿದ್ದರಂತೆ. ಕೌದಿ ಹೊಲಿಯುವವರಿಗೆ ಆ ಸೀಮೆಯಲ್ಲಿ ಬರವೇನೂ ಇರಲಿಲ್ಲ. ಹಳೆ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಅಂಚು ಮಡಚಿ, ಸೂಜಿ ಹಿಡಿದು ಕುಳಿತರೆ ಯಾರಾದರೂ ಹೊಲಿದಾರು. ಆದರೆ ಸೂಜಿ ಯಾವ ದಾರಿಯಲ್ಲಿ ಹೋಗಬೇಕೆಂದು ಬಟ್ಟೆಯ ಮೇಲೆ ಮೊದಲೇ ಬರೆದಿಡುವುದು ಬೇರೆ ವಿದ್ಯೆ. ಮಹಾನಂದಾಳಿಗೆ ಅಳತೆ ಪಟ್ಟಿ ಬೇಕಿರಲಿಲ್ಲ, ದರ್ಜಿಯ ಸೀಮೆಸುಣ್ಣವೂ ಬೇಕಿರಲಿಲ್ಲ. ಮೈ ತಿಕ್ಕಿ ತಿಕ್ಕಿ ಸವೆದ ಸಾಬೂನಿನ ಚೂರೊಂದು ಬೆರಳ ಸಂದಿಯಲ್ಲಿದ್ದರೆ, ದೇವರು ಭೂಮಿಗೆ ಅಂಚು ಹಾಕುವಾಗ ಈಕೆಯನ್ನೇ ಕೇಳಿ ಹಾಕಿದನೇನೋ ಎನ್ನುವಂತೆ ಗೆರೆಗಳು ಬೀಳುತ್ತಿದ್ದವು.

ಈ ವಿದ್ಯೆ ಕಲಿಸಿದವಳು ಅತ್ತೆ ಸೀತವ್ವ. ಆ ಮುದುಕಿ ಸಾಯುವವರೆಗೂ ಸೊಸೆಗೆ ಹೇಳಿದ್ದು ಎರಡೇ ಮಾತು. ಒಂದು, ಗೆರೆ ಹೊಟ್ಟೆಯಿಂದ ಶುರುವಾಗಿ ಅಂಚಿಗೆ ಬಂದು ಮುಗಿಯಬೇಕು. ಕೌದಿಯ ನಟ್ಟನಡುವಿಗೆ ಹೊಟ್ಟೆ ಎನ್ನುತ್ತಾರೆ. ಅಲ್ಲಿ ಸಣ್ಣ ಸುತ್ತು ಹಾಕಿ, ಅದರ ಹೊರಗೆ ದೊಡ್ಡ ಸುತ್ತು, ಅದರ ಹೊರಗೆ ಮತ್ತೂ ದೊಡ್ಡದು ಹಾಕುತ್ತ ಹಿಂದಕ್ಕೆ ಸರಿಯುತ್ತ ಬಂದರೆ, ಕೊನೆಯ ಸುತ್ತು ಮುಗಿಯುವಾಗ ಗೆರೆ ಹಾಕಿದವಳು ತಾನಾಗಿಯೇ ಬರಿ ನೆಲದ ಮೇಲಿರುತ್ತಾಳೆ. ಎರಡನೆಯ ಮಾತು ಇನ್ನೂ ಬಿಗಿಯಾದದ್ದು. ಗೆರೆ ಹಾಕಿದವಳು ತನ್ನ ಗೆರೆಯನ್ನು ತಾನೇ ದಾಟಬಾರದು, ತಾನೇ ಒರೆಸಲೂಬಾರದು. ಇನ್ನೊಬ್ಬ ಹೆಂಗಸಿನ ಕೈಯಿಂದ ಅದರ ಮೇಲೆ ಮೊದಲ ಹೊಲಿಗೆ ಬಿದ್ದರೆ ಮಾತ್ರ ಬಿಡುಗಡೆ. ಇಲ್ಲದಿದ್ದರೆ ಆ ಕೌದಿ ಹೊದ್ದವರಿಗೆ ನಿದ್ದೆಯೇ ಹತ್ತುವುದಿಲ್ಲ. ಬಿಜ್ಜರಗಿಯಲ್ಲಿ ಹಿಂದೊಬ್ಬಳು ಅವಸರಕ್ಕೆ ದಾಟಿಬಿಟ್ಟಿದ್ದಳಂತೆ. ಆ ಮನೆಯ ಗಂಡಸರು ಹೋಗಲಿ, ಅಂಗಳದ ಆಡುಗಳೂ ವರ್ಷವಿಡೀ ಕಣ್ಣು ತೆರೆದುಕೊಂಡೇ ನಿಂತಿದ್ದವಂತೆ.

ಮಹಾನಂದಾ ಹುಟ್ಟಿದಾರಭ್ಯ ಒಂದು ಗೆರೆಯನ್ನೂ ದಾಟಿದವಳಲ್ಲ, ಒಂದನ್ನೂ ಒರೆಸಿದವಳಲ್ಲ. ಸಿಕ್ಕವರ ಮುಂದೆಲ್ಲ ಇದನ್ನು ಹೇಳಿಕೊಳ್ಳುತ್ತಿದ್ದಳು. ಸಿಗದವರಿಗೆ ಹೇಳಿ ಕಳಿಸುತ್ತಿದ್ದಳು.

ಆಕೆ ವಿಜಯಪುರದ ಜಲನಗರಕ್ಕೆ ಬಂದು ಸಿಕ್ಕಿಬಿದ್ದದ್ದು ಗಂಡ ಅಮಸಿದ್ದ ತೀರಿಕೊಂಡ ಮೇಲೆ. ಗಂಡನ ತಂಗಿ ಸುಮಂಗಲಾ ಮಣ್ಣಿಗೆ ಬಂದವಳು ಹೋಗುವಾಗ ಅತ್ತಿಗೆಯ ಕೈ ಹಿಡಿದಳು. "ವೈನಿ, ನಮ್ಮ ಮನಿಗೆ ಬರ್ರಿ. ಒಂದ ಕೌದಿಗೆ ಗೆರಿ ಹಾಕಿಕೊಟ್ಟು ಹೋಗೀರಂತ." ಆ ಒಂದು ಕೌದಿ ಇನ್ನೂ ಮುಗಿದಿರಲಿಲ್ಲ. ಅಂದರೆ ಮುಗಿಯುತ್ತಿತ್ತು, ಆದರೆ ಮಹಾನಂದಾ ಚೀಲ ಹೆಗಲಿಗೆ ಹಾಕುವಷ್ಟರಲ್ಲಿ ಸುಮಂಗಲಾ ಇನ್ನೊಂದನ್ನು ಹಾಸಿರುತ್ತಿದ್ದಳು. ಜಗಳ ಮಾಡಿದ್ದರೆ ಮಹಾನಂದಾ ಎಂದೋ ಗೆದ್ದು ಹೋಗಿರುತ್ತಿದ್ದಳು. ಸುಮಂಗಲಾ ಜಗಳವನ್ನೇ ಮಾಡುತ್ತಿರಲಿಲ್ಲ. ಹೋಗುತ್ತೇನೆಂದ ದಿನ ಹೋಳಿಗೆ ಮಾಡುತ್ತಿದ್ದಳು, ಮೇಲೆ ತುಪ್ಪ ಸುರಿಯುತ್ತಿದ್ದಳು, ಉಂಡು ಕಣ್ಣು ಎಳೆಯುತ್ತಿದ್ದಂತೆ ಹಾಸಿದ ಬಟ್ಟೆಯ ತುದಿಯನ್ನು ಕೈಗೆ ಕೊಡುತ್ತಿದ್ದಳು. ಮಹಾನಂದಾ ತಂದಿದ್ದ ಟ್ರಂಕು ಅಟ್ಟ ಸೇರಿತು. ಅದರ ಮೇಲೆ ಸೀರೆಗಳ ಗಂಟು ಬಂದು ಕೂತಿತು, ಗಂಟಿನ ಮೇಲೆ ಕೆಟ್ಟ ಮಿಕ್ಸರು, ಮಿಕ್ಸರಿನ ಮೇಲೆ ಕೆಟ್ಟ ಕೂಲರು. ಜಲನಗರದಲ್ಲಿ ಕೆಟ್ಟ ಸಾಮಾನುಗಳೆಲ್ಲ ಆ ಟ್ರಂಕನ್ನು ಕಾಯಲೆಂದೇ ಕೆಡುತ್ತಿದ್ದವೋ ಏನೋ.

ಕೌದಿಗಳು ಮಾತ್ರ ಪುಣೆಗೆ ಹೋಗುತ್ತಿದ್ದವು, ಮುಂಬೈಗೆ ಹೋಗುತ್ತಿದ್ದವು. ಅವುಗಳ ಮೂಲೆಯಲ್ಲಿ ಸಣ್ಣ ಚೀಟಿ ಇರುತ್ತಿತ್ತು: ಸುಮಂಗಲಾ ಕೌದಿ. ಬಂದವರ ಮುಂದೆ ಸುಮಂಗಲಾ ಅಕ್ಕರೆಯಿಂದ ಹೇಳುತ್ತಿದ್ದಳು, "ಇವರು ನಮ್ಮ ವೈನಿ. ಪಾಪ, ಎಲ್ಲಿ ಹೋಗ್ತಾರ್ರಿ? ನಮ್ಮಲ್ಲೇ ಇರ್ತಾರ." ಆ 'ಪಾಪ' ಎಂಬ ಮಾತು ಮುಂಬಾಗಿಲ ಚಿಲಕಕ್ಕಿಂತ ಗಟ್ಟಿಯಾಗಿತ್ತು.

ಹೀಗಿರುವಾಗ ಬಬಲೇಶ್ವರದಲ್ಲಿ ಗಾದಿ ಅಂಗಡಿ ಇಟ್ಟಿರುವ ಅಬೇದಾ ಕೌದಿ ನೋಡಲೆಂದು ಬಂದಳು. ಹಾಸಿದ್ದ ಬಟ್ಟೆಯ ಮೇಲಿನ ಗೆರೆಗಳನ್ನು ನೋಡಿ ಬಂದ ಕೆಲಸವನ್ನೇ ಮರೆತಳು. ಸುಮಂಗಲಾ ಚಹಾ ಸೋಸಲು ಒಳಗೆ ಹೋದದ್ದೇ ತಡ, ಮಹಾನಂದಾಳ ಕಿವಿಗೆ ಬಗ್ಗಿದಳು. "ಅಕ್ಕಾ, ನನ್ನ ಅಂಗಡಿ ಹಿಂದ ಒಂದು ಖೋಲಿ ಖಾಲಿ ಐತಿ. ಬಾ. ಕೌದಿ ಮೂಲ್ಯಾಗ ನಿನ್ನ ಹೆಸರ ಹಾಕೂಣು. ಬೇಸ್ತವಾರ ನಮ್ಮವರು ಗಾದಿಗೆ ಅರಳಿ ತರಾಕ ಗಾಡಿ ತಗೊಂಡು ಬರ್ತಾರ, ಹತ್ತಿಬಿಡು. ನೀ ಬರ್ಲಿಲ್ಲಂದ್ರ ತಿಕೋಟಾದ ಸಕ್ರವ್ವನ್ನ ಹತ್ತಿಸ್ಕೊಂಡು ಬರ್ರಿ ಅಂತ ಅವರಿಗೆ ಹೇಳೀನಿ. ಮದುವಿ ಸೀಜನ್ ಬಂತು, ನಂಗ ಕಾಯಾಕ ಆಗೂದಿಲ್ಲ."

ಸಕ್ರವ್ವ ಅಂದರೆ ಗೆರೆ ಹಾಕುವುದರಲ್ಲಿ ಮಹಾನಂದಾಳ ಎದುರಾಳಿ. ಎದುರಾಳಿಯೆಂದು ಸಕ್ರವ್ವ ಹೇಳುತ್ತಿದ್ದಳು. ಮಹಾನಂದಾ ಕೇಳಿದರೆ, ಅಂಥ ಹೆಸರಿನವಳೊಬ್ಬಳು ಇರುವುದೇ ತನಗೆ ಗೊತ್ತಿಲ್ಲ ಎನ್ನುತ್ತಿದ್ದಳು.

ಬೇಸ್ತವಾರ ಬಂತು. ಮಹಾನಂದಾ ಬೆಳಿಗ್ಗೆಯೇ ಕೂಲರು ಇಳಿಸಿ, ಮಿಕ್ಸರು ಸರಿಸಿ, ಗಂಟು ಒದ್ದು, ಟ್ರಂಕನ್ನು ಕೆಳಗೆ ತಂದಳು. ನಾದಿನಿಯ ಎದುರು ನಿಂತು ಉಸಿರು ಬಿಗಿಹಿಡಿದು ಹೇಳಿದಳು. "ಸುಮಂಗಲಾ, ನಾ ಇವತ್ತ ಮಧ್ಯಾಹ್ನ ಅಬೇದಾನ ಗಾಡ್ಯಾಗ ಬಬಲೇಶ್ವರಕ್ಕ ಹೋಗಾಕತ್ತೀನಿ. ಅಲ್ಲೇ ಇರ್ತೀನಿ."

ಹೋಳಿಗೆ ಬರುತ್ತದೆ, ಇಲ್ಲವೇ ಕಣ್ಣೀರು ಬರುತ್ತದೆ ಎಂದುಕೊಂಡಿದ್ದಳು. ಎರಡೂ ಬರಲಿಲ್ಲ. ಸುಮಂಗಲಾ ನಕ್ಕಳು. "ಹೋಗ್ರಿ ವೈನಿ. ನಾ ಯಾಕ ಬ್ಯಾಡನ್ಲಿ? ಗಾಡಿ ಬರೂದು ಮಧ್ಯಾಹ್ನ ಅಲ್ಲ? ಅವ್ವನ ಸೀರಿ ಹಂಗ ಉಳದಾವ. ಆಕಿ ಹೆಸರಿಲೆ ಒಂದು ಕೌದಿಗೆ ಗೆರಿ ಹಾಕಿ ಹೋಗ್ರಿ. ಇದೊಂದ."

ಅವ್ವ ಎಂದರೆ ಸೀತವ್ವ. ಬೇರೆ ಯಾರ ಸೀರೆಯಾಗಿದ್ದರೂ ಮಹಾನಂದಾ ಕೈ ಮುಗಿದು ಹೊರಡುತ್ತಿದ್ದಳು. ಈ ಸೀರೆಗಳನ್ನು ಆಕೆ ಸ್ವತಃ ತೊಳೆದಿದ್ದಳು, ಮುದುಕಿಗೆ ಉಡಿಸಿದ್ದಳು. ಸೋಫಾ ಗೋಡೆಗೆ ಸರಿಯಿತು. ಪಡಸಾಲೆಯ ತುಂಬ ಸೀರೆಗಳು ಪದರಪದರವಾಗಿ ಹಾಸಿಕೊಂಡವು, ಎಲ್ಲದರ ಮೇಲೆ ಕಡುಹಸಿರು ಇಳಕಲ್ ಸೀರೆ. ಹೊಲಿಯಲು ತೊರವಿಯಿಂದ ಬರುವ ಸೋನಾಬಾಯಿ ಪದರಗಳು ಜಾರದಂತೆ ಸುತ್ತಲೂ ಉದ್ದುದ್ದ ಕಚ್ಚಾ ಹೊಲಿಗೆಯ ಟಾಕಿ ಹಾಕಿ ಬಾಗಿಲ ಬಳಿ ಹೋಗಿ ಕುಳಿತಳು. ಮಹಾನಂದಾ ಸಾಬೂನಿನ ಚೂರು ಹಿಡಿದು ಹೊಟ್ಟೆಯ ಕಡೆ ಹೊರಟಳು.

"ಒಂದ ನಿಮಿಷ ವೈನಿ." ಸುಮಂಗಲಾ ಮೊಬೈಲು ಮುಂದೆ ಹಿಡಿದಳು. ಅದರಲ್ಲೊಂದು ಚಿತ್ರ. ಅಂಚಿನಿಂದ ಶುರುವಾದ ಒಂದೇ ಗೆರೆ, ಎಲ್ಲೂ ತುಂಡಾಗದೆ, ಸುತ್ತಿ ಸುತ್ತಿ ಒಳಗೆ ಹೋಗಿ ಹೊಟ್ಟೆಯಲ್ಲಿ ಮುಗಿಯುತ್ತಿತ್ತು. "ಹಿಂಥಾದ ಬೇಕಂತ ಎಲ್ಲಾರೂ ಕೇಳಾಕತ್ತಾರ. ಬ್ಯಾಡ ಬಿಡ್ರಿ, ನಿಮಗ ತ್ರಾಸ ಆಕ್ಕೈತಿ. ಆ ತಿಕೋಟಾದ ಸಕ್ರವ್ವ ಕೈ ಎತ್ತಲಾರದ ಹಾಕ್ತಾಳಂತ."

"ಯಾಕಿ?"

"ಸಕ್ರವ್ವ."

"ಆಕಿ ಕೈ ಎತ್ತಲಾರದ ಹಾಕಿದ್ರ, ನಾ ಕಣ್ಣ ಮುಚ್ಚಿ ಹಾಕ್ತೀನಿ!" ಎಂದಳು ಮಹಾನಂದಾ. ಅಂದವಳೇ ಅಂಚಿನಿಂದ ಶುರು ಮಾಡಿದಳು.

ಎಂಥ ಗೆರೆ ಅದು! ಸಾಬೂನು ಬಟ್ಟೆಯ ಮೇಲೆ ಸರಿಯುವ ಸಪ್ಪಳಕ್ಕೆ ಓಣಿಯ ಕುಕ್ಕರುಗಳು ಸೀಟಿ ಹೊಡೆಯುವುದನ್ನು ನಿಲ್ಲಿಸಿದವು. ಮಹಾನಂದಾ ಅಂಚಿಗೆ ಮುಖ ಮಾಡಿ, ಗೆರೆ ಎಳೆಯುತ್ತ, ಒಳಗೊಳಗೆ ಸರಿದಳು. ಒಂದು ಸುತ್ತು, ಅದರೊಳಗೊಂದು, ಅದರೊಳಗೆ ಮತ್ತೊಂದು, ನಡುವೆ ಬೆರಳಷ್ಟೇ ಅಂತರ. ಹಸಿರು ಸೀರೆಯ ಮೇಲೆ ಬೆಳ್ಳಗಿನ ದಾರಿ ಹಾವಿನಂತೆ ಸುರುಳಿ ಸುತ್ತುತ್ತಿತ್ತು. ಸಕ್ರವ್ವ ನೋಡಿದ್ದರೆ ಅಲ್ಲೇ ಸಾಬೂನು ಬಿಟ್ಟು ಸನ್ಯಾಸ ತಗೊಳ್ಳುತ್ತಿದ್ದಳು. ಕೊನೆಯ ಸುತ್ತು ಮುಗಿದಾಗ ಮಹಾನಂದಾ ಬೆನ್ನು ನೆಟ್ಟಗೆ ಮಾಡಿ, ಬೆವರು ಒರೆಸಿಕೊಂಡು, ಹೆಮ್ಮೆಯಿಂದ ಸುತ್ತ ನೋಡಿದಳು.

ಆಗ ಗೊತ್ತಾಯಿತು. ಆಕೆ ಹೊಟ್ಟೆಯಲ್ಲಿ ಕುಳಿತಿದ್ದಳು. ಸುತ್ತ ನಾಲ್ಕೂ ದಿಕ್ಕಿಗೆ ತನ್ನದೇ ಗೆರೆ.

"ಹೊಟ್ಟಿಂದ ಸುರು" ಎಂದು ಸೀತವ್ವ ಯಾಕೆ ಅಷ್ಟು ಒದರುತ್ತಿದ್ದಳೆಂಬುದು ಮುದುಕಿಯ ಸೀರೆಯ ಮೇಲೆಯೇ ಕೂತು ತಿಳಿಯಬೇಕಾಯಿತು. ಆದರೂ ಮಹಾನಂದಾ ಗಾಬರಿಯಾಗಲಿಲ್ಲ. "ಸೋನಾಬಾಯಕ್ಕ, ಒಂದ ಹೊಲಿಗಿ ಹಾಕಬೇ. ಗಾಡಿ ಬರೂ ಹೊತ್ತಾತು."

ಸೋನಾಬಾಯಿ ಸೂಜಿಗೆ ದಾರ ಪೋಣಿಸಿಯೇ ಇಟ್ಟುಕೊಂಡಿದ್ದಳು. ಆದರೆ ಏಳಲಿಲ್ಲ. ಸುಮಂಗಲಾಳ ಕಡೆ ನೋಡಿದಳು. ಸುಮಂಗಲಾ ಸೋಫಾದ ಮೇಲೆ ಕೂತು ಶೇಂಗಾ ಬಿಡಿಸುತ್ತಿದ್ದಳು.

"ಇವತ್ತ ಹೊಲಿಗಿ ಬ್ಯಾಡ," ಎಂದಳು ಸುಮಂಗಲಾ, ಶೇಂಗಾದಿಂದ ಕಣ್ಣೆತ್ತದೆ. "ಅವ್ವನ ಕೌದಿ. ಛಲೋ ದಿನಾ ನೋಡಿ ಸುರು ಮಾಡೂಣು. ಸೋಮವಾರ."

"ಸೋಮವಾರದ ತನಕ ನಾ ಇಲ್ಲೇ ಕುಂದ್ರಲೇನ?"

"ಅಯ್ಯ, ಎದ್ದ ಬರ್ರಿ ವೈನಿ. ನಾ ಏನ್ ಕಟ್ಟಿ ಹಾಕೀನೇನ? ದಾಟಿ ಬರ್ರಿ." ಒಂದು ಶೇಂಗಾ ಬಾಯಿಗೆ ಹಾಕಿಕೊಂಡಳು. "ಇಲ್ಲಾ ಒರಸಿ ಬರ್ರಿ. ನಾ ಯಾರಿಗೂ ಹೇಳೂದಿಲ್ಲ."

ಹೇಳುವುದಿಲ್ಲ ಎಂದ ದನಿಯಲ್ಲೇ ಗೊತ್ತಾಗುತ್ತಿತ್ತು, ಜಲನಗರ ಅತ್ತ ಇರಲಿ, ಸಂಜೆಯೊಳಗೆ ತಿಕೋಟಾದ ಎಮ್ಮೆಗಳಿಗೂ ಸುದ್ದಿ ಮುಟ್ಟಿರುತ್ತದೆ. ಮಹಾನಂದಾ ಒಂದು ಕಾಲು ಮುಂದಿಟ್ಟಳು. ಕಾಲು ಗೆರೆಯ ಮೇಲೆ ಗಾಳಿಯಲ್ಲಿ ನಿಂತಿತು. ಅಡಿಯಲ್ಲಿ ಸೀತವ್ವನ ಹಸಿರು ಸೀರೆ. ಕಾಲು ತಾನಾಗಿಯೇ ಹಿಂದೆ ಬಂತು. ಸೆರಗಿನ ತುದಿ ಹಿಡಿದು ಗೆರೆ ಒರೆಸಲು ಬಗ್ಗಿದಳು. ಕೈ ಮಾತು ಕೇಳಲಿಲ್ಲ. ಆಯುಷ್ಯವೆಲ್ಲ ಒರೆಸಿಲ್ಲ, ದಾಟಿಲ್ಲ ಎಂದು ಡಂಗುರ ಹೊಡೆದ ಬಾಯಿ ಈಗ ಒಣಗಿ ಹಂಚಿನಂತಾಗಿತ್ತು. ಗೋಡೆಗಳಿದ್ದ ಮನೆಯಲ್ಲಿ ಹೇಗೋ ಇಷ್ಟು ವರ್ಷ ಕೂತಿದ್ದಳು. ಗೋಡೆಯೇ ಇಲ್ಲದ ಈ ಜಾಗದಲ್ಲಿ ಉಸಿರು ಕಟ್ಟತೊಡಗಿತು. ಪಡಸಾಲೆ ಚಿಕ್ಕದಾಗುತ್ತ ಬಂದು ಆ ಒಳಸುತ್ತಿನಷ್ಟೇ ಉಳಿಯಿತು, ಮೊಳಕಾಲು ಮಡಚಿ ಕೂರುವಷ್ಟು.

"ಸೋನಾಬಾಯಕ್ಕ," ಎಂದಳು. ಈ ಸಲ ದನಿ ಸಣ್ಣದಿತ್ತು.

"ನಾ ಏನ್ ಮಾಡ್ಲಿ ತಂಗಿ? ಕೆಲಸಾ ಕೊಟ್ಟಾಕಿ ಬ್ಯಾಡಂದ್ರ ನನ್ನ ಸೂಜಿ ಹೆಂಗ ಏಳತೈತಿ?" ಸೋನಾಬಾಯಿ ನೆಲ ನೋಡಿದಳು.

ಹೊರಗೆ ಹಾರ್ನು ಕೇಳಿಸಿತು. ಅಬೇದಾಳ ಗಂಡ ಸೈಫುದ್ದೀನ ಗೂಡ್ಸ್ ಗಾಡಿಯ ತುಂಬ ಅರಳೆ ಮೂಟೆ ಹೇರಿಕೊಂಡು ಬಂದು ಬಾಗಿಲಲ್ಲಿ ನಿಂತ. "ಮಹಾನಂದಾ ಅಕ್ಕಾರ, ತಯಾರ ಇದ್ದೀರಿಲ್ರಿ?"

"ತಯಾರ ಅದೀನಿ. ಟ್ರಂಕ ಅಲ್ಲೇ ಐತಿ, ಏರಿಸ್ರಿ."

ಅವನು ಟ್ರಂಕು ಏರಿಸಿ ಬಂದ. ಮಹಾನಂದಾ ಕೂತಲ್ಲೇ ಕೂತಿದ್ದಳು. "ಬರ್ರಿ ಮತ್ತ."

"ಬರಾಕ ಆಗವಲ್ದು."

"ಕಾಲಿಗೇನರ ಆಗೇತೇನ್ರಿ?"

"ವೈನಿಗೆ ಮನಸಿಲ್ಲ," ಎಂದಳು ಸುಮಂಗಲಾ ಮೃದುವಾಗಿ. "ನೀವ ನೋಡಾಕತ್ತೀರಲ್ಲ, ಕೆಲಸಾ ಬಿಟ್ಟು ಏಳವಲ್ರು. ಪಾಪ, ಎಲ್ಲಿ ಹೋಗ್ತಾರ ಅವರು?"

ಸೈಫುದ್ದೀನ ತಲೆ ಕೆರೆದುಕೊಂಡ. "ಹಂಗಾರ ನಾ ತಿಕೋಟಾಕ್ಕ ಹೋಗಿ ಸಕ್ರವ್ವಾರನ್ನ ಹತ್ತಿಸ್ಕೊಳ್ಳಲೇನ್ರಿ? ಅಬೇದಾ ಹಂಗ ಹೇಳ್ಯಾಳ್ರಿ. ಟ್ರಂಕ ಇಳಸ್ತೀನಿ."

ಟ್ರಂಕು ಇಳಿದರೆ ಮತ್ತೆ ಅಟ್ಟ. ಮತ್ತೆ ಗಂಟು, ಮತ್ತೆ ಮಿಕ್ಸರು, ಮತ್ತೆ ಕೂಲರು. ಆಮೇಲೆ ಅದನ್ನು ಇಳಿಸುವ ಶಕ್ತಿ ತನಗೆ ಉಳಿದಿರುವುದಿಲ್ಲವೆಂದು ಮಹಾನಂದಾಳಿಗೆ ಖಾತ್ರಿ ಇತ್ತು.

ಸೋನಾಬಾಯಿಗೆ ತಡೆಯಲಾಗಲಿಲ್ಲ. ಸೂಜಿ ಹಾಕುವಂತಿಲ್ಲ, ಬಾಯಿಯಾದರೂ ಹಾಕಬಹುದಲ್ಲ. "ಇನ್ನ ಈಕಿನ್ನ ಒಯ್ಯಬೇಕಂದ್ರ, ಕುರಿಮರಿ ಕಂಬಳ್ಯಾಗ ಕಟ್ಟಿ ಒಯ್ತಾರಲ್ಲ, ಹಂಗ ಒಯ್ಯಬೇಕು ನೋಡು."

ಮಹಾನಂದಾ ತಲೆಯೆತ್ತಿದಳು. ಅಮಸಿದ್ದ ಕುರಿ ಕಾಯುತ್ತಿದ್ದವನು. ದಾರಿಯಲ್ಲಿ ಹುಟ್ಟಿದ ಮರಿಯನ್ನು ಕಂಬಳಿಯ ನಡುವೆ ಕೂರಿಸಿ, ನಾಲ್ಕು ತುದಿ ಕೂಡಿಸಿ, ಹೆಗಲಿಗೇರಿಸಿ ಬರುತ್ತಿದ್ದ. ಮರಿ ಕಂಬಳಿ ಬಿಟ್ಟು ಕದಲುತ್ತಿರಲಿಲ್ಲ, ಆದರೂ ಊರು ಮುಟ್ಟುತ್ತಿತ್ತು.

ಗೆರೆ ದಾಟಬೇಡ ಎಂದಿದ್ದಳು ಸೀತವ್ವ. ಗೆರೆಯನ್ನೇ ಎತ್ತಿಕೊಂಡು ಹೋಗಬೇಡ ಎಂದು ಎಲ್ಲಿಯೂ ಹೇಳಿರಲಿಲ್ಲ.

ಮಹಾನಂದಾ ಹೊಟ್ಟೆಯಲ್ಲಿ ಎದ್ದು ನಿಂತಳು. ಬಗ್ಗಿ ಬಟ್ಟೆಯನ್ನು ನಾಲ್ಕೂ ಕಡೆಯಿಂದ ತನ್ನತ್ತ ಎಳೆದುಕೊಂಡಳು. ಮೂಲೆಗಳನ್ನು ಕುತ್ತಿಗೆಯ ಹತ್ತಿರ ಕೂಡಿಸಿ ಹಿಡಿದಳು. ಸೀತವ್ವನ ಸೀರೆಗಳೆಲ್ಲ ಎದ್ದು ಬಂದು ಸೊಸೆಯನ್ನು ಸುತ್ತಿಕೊಂಡವು. ತಲೆಯೊಂದು ಬಿಟ್ಟು ಉಳಿದದ್ದೆಲ್ಲ ಗಂಟು. ಆ ಗಂಟು ಒಂದು ಸಲ ಜಿಗಿಯಿತು. ಜಲನಗರದ ನೆಲ ನಡುಗಿತು. ಇನ್ನೊಂದು ಸಲ ಜಿಗಿಯಿತು. ಸುಮಂಗಲಾಳ ಮಡಿಲಿನ ಶೇಂಗಾ ಪಡಸಾಲೆಯ ತುಂಬ ಚೆಲ್ಲಿತು.

"ವೈನಿ! ಅವು ನಮ್ಮ ಅವ್ವನ ಸೀರಿ!"

"ಸೀರಿ ನಿಮ್ಮವು, ಗೆರಿ ನನ್ನವು," ಎಂದಿತು ಗಂಟು, ಜಿಗಿಯುತ್ತ. "ಹೊಲಿದ ಮ್ಯಾಲ ಕೌದಿ ಕಳಸ್ತೀನಿ. ಹೊದ್ಕೋ. ದಾಟಿಲ್ಲ, ಒರಸಿಲ್ಲ, ಛಲೋ ನಿದ್ದಿ ಬರ್ತೈತಿ!"

ಸುಮಂಗಲಾ ತುದಿ ಹಿಡಿದು ಎಳೆಯಲು ಬಂದಳು. ಅಷ್ಟರಲ್ಲಿ ಸೋನಾಬಾಯಿ ಎದ್ದು, ಬೀಳುವವಳನ್ನು ಹಿಡಿಯುವ ನೆಪದಲ್ಲಿ ಗಂಟನ್ನು ಅಪ್ಪಿಕೊಂಡು ನಡುವೆ ನಿಂತಳು. ಹೊಲಿಯಬೇಡ ಎಂದಿದ್ದರೇ ಹೊರತು ಹಿಡಿಯಬೇಡ ಎಂದು ಆಕೆಗೆ ಯಾರೂ ಹೇಳಿರಲಿಲ್ಲ. ಮೆಟ್ಟಿಲುಗಳಲ್ಲಿ ಆಕೆಯೇ ಇಳಿಸಿದಳು, ಆಕೆಯೇ ಹಿಂದಿನಿಂದ ನೂಕಿ ಗಾಡಿಗೆ ಏರಿಸಿದಳು. ಸ್ಕೂಟರುಗಳು ನಿಂತವು, ಆಟೋಗಳು ನಿಂತವು, ಮಾಳಿಗೆಯ ಮೇಲೆ ಬಟ್ಟೆ ಒಣಹಾಕುವವರು ಹಾಗೇ ನಿಂತರು. ಸೈಫುದ್ದೀನ ಮಾತ್ರ, ದಿನಾ ಇಂಥ ಸವಾರಿಗಳನ್ನೇ ಸಾಗಿಸುವವನಂತೆ, ಗಾಡಿಯ ಹಿಂಬಾಗಿಲು ಮುಚ್ಚಿ ಕೊಂಡಿ ಹಾಕಿದ.

ಗಾಡಿ ತೊರವಿ ದಾಟಿತು. ಅರಳೆ ಮೂಟೆಗಳ ನಡುವೆ ಮಹಾನಂದಾ ಕುಕ್ಕರಗಾಲಲ್ಲಿ ಕೂತಿದ್ದಳು. ಮನೆಯಿಂದ ಪಾರಾದೆ ಎಂದು ಒಂದು ಗಳಿಗೆ ಎದೆ ಹಗುರಾಯಿತು. ಆಮೇಲೆ ಕಾಲು ಚಾಚಬೇಕೆನಿಸಿತು, ಚಾಚುವಂತಿರಲಿಲ್ಲ. ಬೆನ್ನು ತುರಿಸಿತು, ಕೈ ಬಿಡುವಂತಿರಲಿಲ್ಲ. ಬಿಸಿಲಿಗೆ ಒಳಗೆ ಬೆವರು ಹರಿದು ಬಾವಿಯಾಯಿತು. ರಸ್ತೆಯ ಒಂದೊಂದು ತಗ್ಗಿಗೂ ಗಂಟು ಮೂಟೆಯಿಂದ ಮೂಟೆಗೆ ಚೆಂಡಿನಂತೆ ಪುಟಿಯಿತು. ಜಲನಗರ ಹಿಂದೆ ಉಳಿಯಿತು ಸರಿ, ಹೊಟ್ಟೆಯಿಂದ ಮಾತ್ರ ಆಕೆ ಇನ್ನೂ ಹೊರಗೆ ಬಂದಿರಲಿಲ್ಲ.

ತಿಕೋಟಾದ ಬಸ್‌ ನಿಲ್ದಾಣದ ಹತ್ತಿರ ಅಬೇದಾ ಮೊದಲೇ ಹೇಳಿ ಕಳಿಸಿದ್ದರಿಂದ ಸಕ್ರವ್ವ ಚೀಲ ಹಿಡಿದು ಕಾಯುತ್ತ ನಿಂತಿದ್ದಳು. ಈ ಸಲ ಗಾಡಿಯಲ್ಲಿ ಜಾಗ ಇಲ್ಲವೆಂದು ಹೇಳಲು ಸೈಫುದ್ದೀನ ಗಾಡಿ ನಿಲ್ಲಿಸಿದ. ಸಕ್ರವ್ವ ಹಿಂದೆ ಬಂದು ಇಣುಕಿದಳು. ಮೂಟೆಗಳ ನಡುವೆ ಒಂದು ತಲೆ.

"ಯಪ್ಪಾ! ಇದೇನ ಬೇ ಮಹಾನಂದಾ? ನಿನ್ನ ಮಾರಾಕ ಒಯ್ಯಾಕತ್ತಾರೇನ?"

ಮಹಾನಂದಾ ಮುಖ ತಿರುಗಿಸಿದಳು. ಆದರೆ ಸಕ್ರವ್ವ ಗೆರೆ ಹಾಕುವವಳು. ಮಡಿಕೆಯ ಸಂದಿಯಲ್ಲಿ ಕಂಡ ಒಂದು ತುಂಡು ಬಿಳಿ ಗೆರೆ ಸಾಕಾಯಿತು, ನಕ್ಕು ನಕ್ಕು ಗಾಡಿಗೇ ಒರಗಿದಳು. "ಅಂಚಿಂದ ಸುರು ಮಾಡಿದಿ! ಹೌದಿಲ್ಲೋ? ಅಂಚಿಂದ ಸುರು ಮಾಡಿ ಒಳಗ ಉಳದಿ!" ನಗು ಮುಗಿದ ಮೇಲೆ ತನ್ನ ಕುಪ್ಪಸದಲ್ಲಿ ಚುಚ್ಚಿಕೊಂಡಿದ್ದ ಸೂಜಿ ತೆಗೆದಳು. ಈಗ ದನಿಯಲ್ಲಿ ನಗು ಇರಲಿಲ್ಲ. "ಹೊರಳು ಇತ್ಲಾಗ. ಒಂದ ಹೊಲಿಗಿ ಹಾಕ್ತೀನಿ, ಇಳದು ಕಾಲ ಚಾಚು. ಬೆವತು ಸಾಯಾಕತ್ತಿ."

ಒಂದೇ ಹೊಲಿಗೆ. ಸೂಜಿ ಬಿಸಿಲಿಗೆ ಮಿಂಚುತ್ತಿತ್ತು. ಮಹಾನಂದಾಳ ಮೈಯ ಒಂದೊಂದು ಕೀಲೂ ಹೂಂ ಅನ್ನು, ಹೂಂ ಅನ್ನು ಎಂದು ಬೇಡಿಕೊಂಡಿತು. ಬಾಯಿ ಬೇರೆಯದನ್ನೇ ಹೇಳಿತು. "ನನ್ನ ಗೆರಿ ಮ್ಯಾಲ ನಿನ್ನ ಸೂಜಿ? ನಡೀ ಅತ್ತಾಗ. ಸೈಫುದ್ದೀನಣ್ಣಾ, ಗಾಡಿ ಬಿಡ್ರಿ!"

ಗಾಡಿ ಹೊರಟಿತು. ಸಕ್ರವ್ವ ಸೂಜಿ ಹಿಡಿದೇ ನಿಂತು ಸಣ್ಣದಾಗುತ್ತ ಹೋದಳು. ಬಬಲೇಶ್ವರದ ತನಕ ಮಹಾನಂದಾ ತನ್ನ ಬಾಯಿಯನ್ನು ಬೈದಷ್ಟು ಹಿಂದೆಂದೂ ಸುಮಂಗಲಾಳನ್ನೂ ಬೈದಿರಲಿಲ್ಲ.

ಗಾದಿ ಅಂಗಡಿಯ ನೆಲದ ಮೇಲೆ ಗಂಡ ಹೆಂಡತಿ ಸೇರಿ ಗಂಟನ್ನು ಇಳಿಸಿದರು. ಸೈಫುದ್ದೀನ ಮೂಟೆ ಇಳಿಸಲು ಹೊರಗೆ ಹೋದ. ಮಹಾನಂದಾ ಕೈ ಸಡಿಲ ಬಿಟ್ಟಳು, ಮೂಲೆಗಳು ಬಿದ್ದವು, ಕೌದಿ ಅರಳಿ ಹಾಸಿಕೊಂಡಿತು. "ಅಬೇದಾ, ಲಗೂನ ಸೂಜಿ ತಾ. ಗೆರಿ ಮ್ಯಾಲ ಒಂದ ಹೊಲಿಗಿ ಹಾಕು, ನಾ ಹೊರಗ ಬರ್ತೀನಿ."

ಅಬೇದಾ ಸೂಜಿ ತಂದು ಮಂಡಿಯೂರಿದಳು. ಬಗ್ಗಿ ನೋಡಿದಳು. ಆ ಕಡೆ ಹೋಗಿ ನೋಡಿದಳು. "ಎಲ್ಲಿ ಐತಿ ಅಕ್ಕಾ ಗೆರಿ?"

ಮಹಾನಂದಾ ಕೆಳಗೆ ನೋಡಿದಳು. ಹಸಿರು ಸೀರೆ, ಬರೀ ಹಸಿರು. ಬೆವರಿಗೆ ನೆನೆದು, ಮಡಿಕೆಗೆ ಮಡಿಕೆ ತಿಕ್ಕಿ, ಮೂಟೆಗಳ ನಡುವೆ ಹೊರಳಿ, ಸಾಬೂನೆಲ್ಲ ಎದ್ದುಹೋಗಿತ್ತು. ಅದು ಹೋಗಿ ಕೂತದ್ದು ಆಕೆಯ ಮೇಲೆ. ಸೀರೆಯ ನೆರಿಗೆ, ಕುಪ್ಪಸದ ಬೆನ್ನು, ಮೊಳಕೈ ಎಲ್ಲ ಬೆಳ್ಳಗೆ. ತೊರವಿಯ ಹತ್ತಿರವೇ ಅಳಿಸಿತ್ತೋ, ತಿಕೋಟಾದಲ್ಲಿ ಸಕ್ರವ್ವ ಕಂಡ ಆ ಒಂದು ತುಂಡೇ ಉಳಿದ ಕೊನೆಯ ಗೆರೆಯಾಗಿತ್ತೋ. ಕಾಲು ಚಾಚಬಹುದಾಗಿದ್ದ ಹಾದಿಯುದ್ದಕ್ಕೂ ಆಕೆ ಏನೂ ಇಲ್ಲದ್ದರ ನಡುವೆ ಮುದುಡಿ ಕೂತು ಬಂದಿದ್ದಳು.

"ನಾ ಒರಸಿಲ್ಲ," ಎಂದಳು ಮಹಾನಂದಾ. ಎರಡೂ ಅಂಗೈ ತೆರೆದು ತೋರಿಸಿದಳು. "ಕೈಯಾರೆ ಒರಸಿಲ್ಲ."

"ಎಲ್ಲಿ ಕೈಲೆ ಒರಸೀದಿ? ಕುಂಡಿಲೆ ಒರಸೀದಿ," ಎಂದಳು ಅಬೇದಾ. "ಅದಕ್ಕೇನರ ಬ್ಯಾಡಂದಿದ್ಲೇನ ನಿಮ್ಮತ್ತಿ?"

ಮಹಾನಂದಾಳಿಗೆ ನಗು ಬಂತೋ ಅಳು ಬಂತೋ, ಎರಡೂ ಬಂದವೋ. ಗೆರೆ ಇರಲಿಲ್ಲ, ಆದರೂ ಎದ್ದು ಹೊರಗೆ ಹೆಜ್ಜೆ ಇಡಲು ಹೋದರೆ ಕಾಲು ಮತ್ತೆ ಗಾಳಿಯಲ್ಲೇ ನಿಂತಿತು. ಅಳಿಸಿದ ಗೆರೆ ಕಾಲಿಗೆ ಇನ್ನೂ ಕಾಣುತ್ತಿತ್ತು.

"ಸಾಬೂನ ಐತೇನ?" ಎಂದಳು ಮಹಾನಂದಾ ಕೊನೆಗೆ.

ಅಬೇದಾ ಬಚ್ಚಲಿಗೆ ಹೋಗಿ ಸವೆದ ಚೂರೊಂದನ್ನು ತಂದು ಕೊಟ್ಟಳು. ಮಹಾನಂದಾ ಹೊಟ್ಟೆಯಲ್ಲಿ ಮಂಡಿಯೂರಿ, ಅಂಚಿಗೆ ಬೆನ್ನು ಮಾಡಿ, ಮುಂದೆ ಅಂಗೈಯಷ್ಟು ಸಣ್ಣ ಸುತ್ತು ಹಾಕಿದಳು. ಅದರ ಹೊರಗೆ ಇನ್ನೊಂದು. ಅದರ ಹೊರಗೆ ಮತ್ತೊಂದು. ಮೊಬೈಲಿನ ಚಿತ್ರವಲ್ಲ, ಸೀತವ್ವನ ಹಳೆಯ ಸುತ್ತುಗಳೇ. ಒಂದೊಂದು ಸುತ್ತಿಗೂ ಹಿಂದಹಿಂದಕ್ಕೆ ಸರಿದಳು. ಗೆರೆ ಆಕೆಯನ್ನು ಮೆಲ್ಲಗೆ ಹೊರಕ್ಕೆ ನೂಕುತ್ತಿತ್ತು. ಅಂಗಡಿಗೆ ಬಂದವರು ಗಾದಿ ಕೇಳುವುದು ಬಿಟ್ಟು ನಿಂತು ನೋಡಿದರು. ಬಬಲೇಶ್ವರದ ಇರುವೆಗಳೆಲ್ಲ ಆ ಹೊತ್ತಿಗೆ ಹೊಸ್ತಿಲಲ್ಲಿ ಸಾಲು ಕಟ್ಟಿದ್ದವು ಎಂದು ಇಂದಿಗೂ ಅಲ್ಲಿಯವರು ಹೇಳುತ್ತಾರೆ.

ಕೊನೆಯ ಸುತ್ತು ಅಂಚಿಗೆ ಬಂದು ಕೂಡಿಕೊಂಡಾಗ ಮಹಾನಂದಾಳ ಹಿಮ್ಮಡಿಗೆ ಏನೋ ತಣ್ಣಗೆ ತಗುಲಿತು. ಹೊರಳಿ ನೋಡಿದಳು. ಅಂಗಡಿಯ ಬರಿಗಲ್ಲು.

ಅಲ್ಲೇ ಕೂತು ಎರಡೂ ಕಾಲು ಚಾಚಿದಳು.

"ಈಗ ಹಾಕು ಹೊಲಿಗಿ," ಎಂದಳು ಅಬೇದಾಳಿಗೆ. ಆಮೇಲೆ ಯಾರ ಮುಖವನ್ನೂ ನೋಡದೆ, "ಇದು ದೊಡ್ಡ ಕೌದಿ. ಒಬ್ಬಾಕಿ ಕೈಲೆ ಮುಗಿಯಂಗಿಲ್ಲ. ನಾಳಿ ಗಾಡಿ ತಿಕೋಟಾಕ್ಕ ಹೋದ್ರ, ಆಕಿನ್ನೂ ಕರಕೊಂಡ ಬರಾಕ ಹೇಳು."

"ಯಾಕಿನ್ನ?" ಎಂದಳು ಅಬೇದಾ, ಗೊತ್ತಿದ್ದೂ.

"ಅದಾಳಲ್ಲ ಒಬ್ಬಾಕಿ," ಎಂದಳು ಮಹಾನಂದಾ. "ಸೂಜಿ ಹಿಡ್ಕೊಂಡು ನಿಂತಾಕಿ."